ಮನೆಯೊಳಗೊಂದು ಥ್ಯಾಂಕ್ ಯೂ

ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷ ತುಂಬಿದ ಮೇಲೆ, ಅಕ್ಟೋಬರ್ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಆರೂ ಮುಕ್ಕಾಲಿಗೆ, ವೀರಭದ್ರಪ್ಪನವರು ತಮ್ಮ ಹೆಂಡತಿಗೆ ಮೊಟ್ಟಮೊದಲ ಬಾರಿ ‘ಥ್ಯಾಂಕ್ ಯೂ’ ಎಂದರು. ಕಾರಣ ದೊಡ್ಡದೇನಲ್ಲ, ಕೌಸಲ್ಯಮ್ಮ ಚಹಾ ತಂದುಕೊಟ್ಟಿದ್ದರು. ದಿನಾ ಕೊಡುವ ಚಹಾ, ದಿನಾ ಕೊಡುವ ಸ್ಟೀಲ್ ಲೋಟ. ಮಾತು ಕಿವಿಗೆ ಬಿದ್ದೊಡನೆ ಕೌಸಲ್ಯಮ್ಮ ಬಾಗಿಲ ಕಡೆ ತಿರುಗಿ ನೋಡಿದರು. ಹಾಲಿನವನೋ ಪೇಪರಿನವನೋ ಬಂದಿರಬೇಕು, ಗಂಡ ಅವನಿಗೆ ಹೇಳಿರಬೇಕು ಎಂದು ಅವರ ಲೆಕ್ಕ. ಬಾಗಿಲಲ್ಲಿ ಯಾರೂ ಇರಲಿಲ್ಲ. ಅವರು ಒಳಗೆ ಹೋಗಿ ಒಲೆಯ ಮೇಲಿದ್ದ ಪಾತ್ರೆಯಿಂದ ಸ್ವಲ್ಪ ಚಹಾ ಸುರಿದುಕೊಂಡು ರುಚಿ ನೋಡಿದರು. ಸಕ್ಕರೆಯೂ ಸರಿಯಾಗಿತ್ತು.

ಹಾಗೆಂದು ವೀರಭದ್ರಪ್ಪನವರಿಗೆ ಆ ಮಾತು ಹೊಸದು ಎಂದು ಯಾರೂ ತಿಳಿಯಬಾರದು. ತಿರುವನಂತಪುರದಲ್ಲಿ ಕನ್ನಡದವರು ಸೇರಿ ಕಟ್ಟಿಕೊಂಡ ಬಳಗದಲ್ಲಿ ಇಪ್ಪತ್ತೆರಡು ವರ್ಷಗಳಿಂದ ವಂದನಾರ್ಪಣೆ ಮಾಡುತ್ತ ಬಂದವರು ಅವರೇ. ಅಧ್ಯಕ್ಷರು ಬದಲಾದರು, ಕಾರ್ಯದರ್ಶಿಗಳು ವರ್ಗವಾಗಿ ಹೋದರು, ವಂದನಾರ್ಪಣೆ ಮಾತ್ರ ಕದಲಲಿಲ್ಲ. ಅತಿಥಿಗಳಿಂದ ಶುರುವಾಗಿ ಮೈಕ್‌ನವನಿಗೆ, ಶಾಮಿಯಾನದವನಿಗೆ, ನೀರಿನ ಕ್ಯಾನ್ ಹೊತ್ತವನಿಗೆ, ಚಪ್ಪಲಿ ಸಾಲಾಗಿ ಬಿಟ್ಟ ಸಭಿಕರಿಗೆ, ಒಬ್ಬರನ್ನೂ ಬಿಡದೆ ಅವರು ಧನ್ಯವಾದ ಹೇಳುತ್ತಿದ್ದರು. ಒಂದು ವರ್ಷ ಕಾರ್ಯಕ್ರಮ ಮುಗಿಯುವ ತನಕ ಕೈಕೊಡದ ಕರೆಂಟಿಗೂ ಧನ್ಯವಾದ ಹೇಳಿದ್ದರು. ಅದೇ ಗಳಿಗೆಗೆ ಕರೆಂಟು ಹೋಯಿತು. ಅವರು ಕತ್ತಲಲ್ಲೇ ನಿಂತು ಉಳಿದ ಹೆಸರುಗಳನ್ನು ಬಾಯಿಪಾಠದಿಂದ ಮುಗಿಸಿದರು.

ಅಂಥವರು ಮನೆಯಲ್ಲಿ ಆ ಮಾತು ಆಡಿರಲಿಲ್ಲ ಎಂದರೆ ಅದರಲ್ಲಿ ಅವರ ತಪ್ಪೇನೂ ಇಲ್ಲ. ಗದಗ ಜಿಲ್ಲೆಯ ಅವರ ಮನೆತನದಲ್ಲಿ ತಾಯಿಗೆ, ಹೆಂಡತಿಗೆ, ಅಣ್ಣತಮ್ಮಂದಿರಿಗೆ ಯಾರೂ ಯಾವ ಕಾಲಕ್ಕೂ ಧನ್ಯವಾದ ಹೇಳಿದವರಲ್ಲ. ಊಟ ಚೆನ್ನಾಗಿದ್ದರೆ ಇನ್ನೊಂದು ರೊಟ್ಟಿ ಕೇಳಬೇಕು, ಅಷ್ಟೇ. ಚೆನ್ನಾಗಿಲ್ಲದಿದ್ದರೆ ಉಪ್ಪಿನಕಾಯಿ ಕೇಳಬೇಕು. ಧನ್ಯವಾದ ಹೊರಗಿನವರಿಗೆ.

ಈ ಸುಖಸಂಸಾರಕ್ಕೆ ಕಲ್ಲು ಬಿದ್ದದ್ದು ಕೊಚ್ಚಿಯಿಂದ. ವೀರಭದ್ರಪ್ಪನವರು ಕೇಂದ್ರ ಸರಕಾರದ ಒಂದು ಸಂಶೋಧನಾ ಸಂಸ್ಥೆಯಲ್ಲಿ ಹಿರಿಯ ಟೆಕ್ನೀಷಿಯನ್. ಅಳೆಯುವ ಉಪಕರಣಗಳು ಸರಿಯಾಗಿ ಅಳೆಯುತ್ತಿವೆಯೋ ಇಲ್ಲವೋ ಎಂದು ಅಳೆದು ನೋಡುವುದು ಅವರ ಕೆಲಸ. ನಿವೃತ್ತಿಗೆ ಇನ್ನೊಂದೇ ವರ್ಷ. ನಿವೃತ್ತರಾದ ಮೇಲೆ ಮನೆಯಲ್ಲಿ ಹೇಗಿರಬೇಕು ಎಂದು ಕಲಿಸುವ ಮೂರು ದಿನದ ತರಬೇತಿಗೆ ಅವರನ್ನು ಕೊಚ್ಚಿಗೆ ಕಳಿಸಿದರು. ಕಲಿಸಿದವಳು ದಿಶಾ ಎಂಬ ಹುಡುಗಿ, ಅವರ ಮಗಳ ವಯಸ್ಸಿನವಳು. ಕೊನೆಯ ದಿನ ಅವಳು ಮೂವತ್ತೊಂದು ಜನ ಗಂಡಸರ ಮುಂದೆ ನಿಂತು, ನಿಮ್ಮ ಮನೆಯಲ್ಲಿ ಬೆಳಿಗ್ಗೆ ಚಹಾ ಯಾರು ಮಾಡುತ್ತಾರೆ ಎಂದು ಕೇಳಿದಳು. ಮೂವತ್ತೊಂದು ಜನವೂ ನಕ್ಕರು. ಅವರಿಗೆ ನೀವು ಕೊನೆಯ ಬಾರಿ ಥ್ಯಾಂಕ್ಸ್ ಹೇಳಿದ್ದು ಯಾವಾಗ ಎಂದು ಕೇಳಿದಳು. ಆಗ ಯಾರೂ ನಗಲಿಲ್ಲ.

ಊರಿಗೆ ಮರಳಲು ಕೊಚ್ಚಿಯ ವೈಟ್ಟಿಲದಲ್ಲಿ ಬಸ್ ಹತ್ತಿ ಕಿಟಕಿಯ ಪಕ್ಕ ಕೂತಾಗ ವೀರಭದ್ರಪ್ಪನವರ ಮನಸ್ಸಿಗೆ ಒಂದು ವಿಷಯ ಚುಚ್ಚಿತು. ಶಾಮಿಯಾನದವನಿಗೆ ತಾವು ಇಪ್ಪತ್ತೆರಡು ಸಲ ಧನ್ಯವಾದ ಹೇಳಿದ್ದೇವೆ. ಪ್ರತಿ ರಾಜ್ಯೋತ್ಸವಕ್ಕೆ ನೂರಿಪ್ಪತ್ತು ಜನಕ್ಕೆ ಬೇಳೆ ಹೋಳಿಗೆ ಬೇಯಿಸಿದವಳನ್ನು ‘ಊಟದ ವ್ಯವಸ್ಥೆ ಮಾಡಿದ ಎಲ್ಲರಿಗೂ’ ಎಂಬ ಒಂದು ಮಾತಿನಲ್ಲಿ ಮುಗಿಸಿದ್ದೇವೆ. ಆ ‘ಎಲ್ಲರ’ ಒಳಗೆ ಕೌಸಲ್ಯಾ ಇಪ್ಪತ್ತೆರಡು ವರ್ಷ ನಿಂತಿದ್ದಾಳೆ. ಮದುವೆಗೆ ಮೊದಲು ಅವಳು ಗದಗಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಮೂರನೆಯ ಇಯತ್ತೆಗೆ ಟೀಚರ್ ಆಗಿದ್ದಳು ಎಂಬುದೂ ಅವರಿಗೆ ಆ ಬಸ್ಸಿನಲ್ಲಿ, ಯಾಕೋ, ನೆನಪಾಯಿತು.

ದಿಶಾ ಎಲ್ಲರಿಗೂ ಒಂದು ಹಾಳೆ ಕೊಟ್ಟಿದ್ದಳು. ಇಪ್ಪತ್ತೊಂದು ದಿನ, ದಿನಕ್ಕೆ ಐದು ಸಲ, ಮನೆಯವರಿಗೆ ಥ್ಯಾಂಕ್ ಯೂ ಹೇಳಬೇಕು. ಸಮಯ, ಯಾರಿಗೆ, ಯಾತಕ್ಕೆ, ಅವರ ಪ್ರತಿಕ್ರಿಯೆ ಏನು ಎಂದು ಬರೆಯಬೇಕು. ಮನೆಯವರಿಗೆ ಇದು ಪಾಠ ಎಂದು ಗೊತ್ತಾಗಬಾರದು. ಉಳಿದ ಮೂವತ್ತು ಜನ ಆ ಹಾಳೆಯನ್ನು ವೈಟ್ಟಿಲದ ಬಸ್ ನಿಲ್ದಾಣದಲ್ಲೇ ವಡೆಯ ಎಣ್ಣೆ ಒರೆಸಲು ಬಳಸಿರಬಹುದು. ಆದರೆ ವೀರಭದ್ರಪ್ಪನವರು ಅಳತೆಯ ಮನುಷ್ಯ. ಹಾಳೆಯಲ್ಲಿ ಗೆರೆ ಎಳೆದು ಕೊಟ್ಟ ಮೇಲೆ ಅದನ್ನು ತುಂಬದೆ ಬಿಡುವುದು ಅವರಿಂದ ಆಗದ ಕೆಲಸ.

ಹೀಗಾಗಿ ಆ ಸೋಮವಾರ ಹಾಳೆಯಲ್ಲಿ ಹೀಗೆ ದಾಖಲಾಯಿತು. ಆರೂ ಮುಕ್ಕಾಲು, ಚಹಾ: ಹಿಂದೆ ತಿರುಗಿ ನೋಡಿದಳು. ಎಂಟು ಗಂಟೆ, ಉಪ್ಪಿಟ್ಟು: ಉಪ್ಪು ಹೆಚ್ಚಾತೇನು ಎಂದು ಕೇಳಿದಳು. ಎಂಟೂವರೆ, ಇಸ್ತ್ರಿ ಮಾಡಿದ ಅಂಗಿ: ಏನು ಬೇಕಾಗಿತ್ತು ಎಂದು ಕೇಳಿದಳು. ಸಂಜೆ ಆರು, ಕಾಲು ತೊಳೆಯಲು ಬಿಸಿನೀರು: ಮಾತಾಡಲಿಲ್ಲ. ಏಳು ಗಂಟೆ, ರೊಟ್ಟಿ: ಬಹಳ ಹೊತ್ತು ಮುಖ ನೋಡಿದಳು.

ಮುಖ ನೋಡಿದ್ದನ್ನು ವೀರಭದ್ರಪ್ಪನವರು ಒಳ್ಳೆಯ ಸೂಚನೆ ಎಂದೇ ತಿಳಿದರು. ಗೋಡೆಯ ಆಚೆ ನಡೆದದ್ದು ಅವರಿಗೆ ಗೊತ್ತಾದದ್ದು ಎಷ್ಟೋ ದಿನದ ಮೇಲೆ.

ಗೋಡೆಯ ಆಚೆಗಿನ ಕ್ವಾರ್ಟರ್ಸಿನಲ್ಲಿ ಕುಸುಮಾವತಿ ಇದ್ದರು. ಕಾಸರಗೋಡಿನ ಕಡೆಯವರು, ಅದೇ ಸಂಸ್ಥೆಯ ಲೈಬ್ರರಿಯಲ್ಲಿ ಕೆಲಸ. ಬುಧವಾರ ಸಂಜೆ ಕೌಸಲ್ಯಮ್ಮ ಅವರ ಮನೆಗೆ ಹೋಗಿ, ಗಂಡ ಮೂರು ದಿನದಿಂದ ಎಲ್ಲದಕ್ಕೂ ಥ್ಯಾಂಕ್ ಯೂ ಹೇಳುತ್ತಿದ್ದಾರೆ, ಗಡಿಯಾರ ನೋಡಿಕೊಂಡು ಒಂದು ಹಾಳೆಯಲ್ಲಿ ಏನೋ ಬರೆಯುತ್ತಾರೆ, ತಾವು ಹತ್ತಿರ ಹೋದರೆ ಅದನ್ನು ಮಡಚಿ ಕಿಸೆಗೆ ಹಾಕಿಕೊಳ್ಳುತ್ತಾರೆ ಎಂದು ತಿಳಿಸಿದರು. ಕುಸುಮಾವತಿ ಮೊದಲು ನಕ್ಕರು. ಬಿಸಿನೀರಿನ ವಿಷಯ ಬಂದಾಗ ನಗು ನಿಲ್ಲಿಸಿದರು.

“ಕೌಸಲ್ಯಕ್ಕ, ಹೇಳ್ಲಿಕ್ಕೆ ನಂಗೆ ಮನಸ್ಸಿಲ್ಲ. ನಮ್ಮ ದೊಡ್ಡ ಮಾವ ಹೀಗೇ ಮಾಡಿದ್ದು. ಒಂದು ದಿನ ಬೆಳಿಗ್ಗೆ ಎದ್ದು ಎಲ್ಲರ ಹತ್ರ ಹೋಗಿ ನಿಮ್ಮಿಂದ ಉಪಕಾರ ಆಯ್ತು ಅಂತ ಹೇಳಿದ್ರು. ದನದ ಹತ್ರ ಸಹ ಹೇಳಿದ್ರು. ಎಂಟು ದಿನ ಇರ್ಲಿಲ್ಲ.”

ಆಮೇಲೆ ಇಬ್ಬರೂ ಕೂತು ಯೋಚಿಸಿದರು. ಮುಂದಿನ ವರ್ಷ ಮನೆಗೆ ಹೋಗುವ ಮನುಷ್ಯನಿಗೆ ಸರಕಾರ ಈಗ ಏನು ತರಬೇತಿ ಕೊಡುತ್ತದೆ? ಕೊಚ್ಚಿಯಲ್ಲಿ ಏನಿದೆ? ದೊಡ್ಡ ದೊಡ್ಡ ಆಸ್ಪತ್ರೆಗಳಿವೆ. ಮೂರು ದಿನ ಯಾತಕ್ಕೆ ಬೇಕು? ಪರೀಕ್ಷೆಗೆ ಒಂದು ದಿನ, ವರದಿಗೆ ಒಂದು ದಿನ, ಡಾಕ್ಟರು ಕೂರಿಸಿಕೊಂಡು ಹೇಳಲು ಒಂದು ದಿನ. ಹಾಳೆ ಯಾವುದು? ಔಷಧಿಯದು. ಸಮಯ ನೋಡಿ ಬರೆಯುವುದು ಔಷಧಿಗಲ್ಲದೆ ಇನ್ನು ಯಾತಕ್ಕೆ? ಇಷ್ಟು ಬಿಗಿಯಾದ ತರ್ಕ ಸಂಶೋಧನಾ ಸಂಸ್ಥೆಯೊಳಗೂ ದಿನಾ ನಡೆಯುವುದಿಲ್ಲ. ಕೌಸಲ್ಯಮ್ಮ ಮನೆಗೆ ಬಂದು ದೇವರ ಮುಂದೆ ತುಪ್ಪದ ದೀಪ ಹಚ್ಚಿದರು.

ಮರುದಿನ ಕುಸುಮಾವತಿ ಬಾಳೆಎಲೆಯಲ್ಲಿ ಸುತ್ತಿ ಪತ್ರೊಡೆ ಕಳಿಸಿದರು. ವೀರಭದ್ರಪ್ಪನವರಿಗೆ ಆಶ್ಚರ್ಯವಾಯಿತು. ಹನ್ನೊಂದು ವರ್ಷದ ನೆರೆಹೊರೆಯಲ್ಲಿ ಅವರ ಹೆಸರಿಗೇ ಪತ್ರೊಡೆ ಬಂದದ್ದು ಇದೇ ಮೊದಲು. ಹೋಗಿ ಥ್ಯಾಂಕ್ ಯೂ ಹೇಳಿದರು. ಕುಸುಮಾವತಿ ಸೆರಗಿನಿಂದ ಕಣ್ಣು ಒತ್ತಿಕೊಂಡರು. ಒಳ್ಳೆಯ ಮಾತಿಗೆ ಇಷ್ಟು ಶಕ್ತಿ ಇದೆಯಲ್ಲ ಎಂದು ವೀರಭದ್ರಪ್ಪನವರು ಹಾಳೆಯಲ್ಲಿ ‘ಉತ್ತಮ’ ಎಂದು ಬರೆದರು.

ಸುದ್ದಿ ಕುಸುಮಾವತಿಯ ಲೈಬ್ರರಿಯಿಂದ ಲ್ಯಾಬಿಗೆ, ಕ್ಯಾಂಟೀನಿಗೆ, ಬಳಗಕ್ಕೆ, ಪೇಟೆಗೆ ಹರಡಿತು. ಅಲ್ಲಿಂದ ಮುಂದೆ ಗಾಣದ ಎತ್ತು ತಿರುಗಿದಂತೆ ಅದೇ ನಡೆಯಿತು. ಜನ ಅವರಿಗೆ ಒಳ್ಳೆಯದು ಮಾಡಿದಷ್ಟೂ ಅವರು ಥ್ಯಾಂಕ್ ಯೂ ಹೇಳಿದರು. ಅವರು ಹೇಳಿದಷ್ಟೂ ಜನ ಹೆದರಿ ಇನ್ನಷ್ಟು ಒಳ್ಳೆಯದು ಮಾಡಿದರು. ಲ್ಯಾಬಿನವರು ಭಾರವಾದ ಉಪಕರಣ ಎತ್ತಲು ಬಿಡಲಿಲ್ಲ. ಕ್ಯಾಂಟೀನಿನಲ್ಲಿ ಬಡಿಸುವ ಚೇಚಿ ಕೇಳದೆಯೇ ಎರಡನೆಯ ಬಾಳೆಹಣ್ಣಿನ ಪಳಂಪೊರಿ ತಟ್ಟೆಗೆ ಹಾಕಿದಳು. ಚಾಲೈ ಪೇಟೆಯಲ್ಲಿ ಕೌಸಲ್ಯಮ್ಮನಿಗೆ ಜೋಳದ ಹಿಟ್ಟು ತರಿಸಿಕೊಡುವ ಅಂಗಡಿಯವನು, ಸಾರ್ ಈ ಬಿಸಿಲಲ್ಲಿ ನೀವೇಕೆ ಬಂದಿರಿ ಎಂದು ಚೀಲವನ್ನು ತಾನೇ ಸ್ಕೂಟರಿನ ತನಕ ಹೊತ್ತು ತಂದ. ತರಬೇತಿಯ ಎರಡೇ ವಾರಕ್ಕೆ ಇಡೀ ತಿರುವನಂತಪುರ ಬದಲಾಗಿದೆ ಎಂದು ವೀರಭದ್ರಪ್ಪನವರಿಗೆ ಅನ್ನಿಸಿತು. ಇಷ್ಟು ವರ್ಷ ಇದನ್ನು ಕಲಿಯದೆ ಕಳೆದೆನಲ್ಲ ಎಂದು ಬೇಸರವೂ ಆಯಿತು.

ಬದಲಾಗದೆ ಉಳಿದವರು ಕೌಸಲ್ಯಮ್ಮ ಒಬ್ಬರೇ. ಅವರು ದಿನದಿಂದ ದಿನಕ್ಕೆ ಮೌನವಾದರು, ಮುಖ ಇಳಿಯಿತು. ಹಾಳೆಯ ಕೊನೆಯ ಕಾಲಮ್ಮಿನಲ್ಲಿ ಸಾಲಾಗಿ ‘ಮಾತಿಲ್ಲ, ಮಾತಿಲ್ಲ’ ಎಂದೇ ಬಂತು. ಉಪಕರಣ ಸರಿಯಾದ ರೀಡಿಂಗ್ ತೋರಿಸದಿದ್ದರೆ ಒತ್ತಡ ಹೆಚ್ಚಿಸಿ ನೋಡಬೇಕು ಎಂಬುದು ಲ್ಯಾಬಿನ ಪದ್ಧತಿ. ವೀರಭದ್ರಪ್ಪನವರು ದಿನಕ್ಕೆ ಐದು ಇದ್ದದ್ದನ್ನು ಎಂಟಕ್ಕೆ ಏರಿಸಿದರು.

ಮಗಳು ಗ್ರೀಷ್ಮಾ ಏಲೂರಿನ ಒಂದು ರಸಗೊಬ್ಬರ ಕಾರ್ಖಾನೆಯ ಲ್ಯಾಬಿನಲ್ಲಿದ್ದಳು. ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ ಆದ್ದರಿಂದ ತಾಯಿ ಕನ್ನಡದಲ್ಲಿ ಕೇಳಿದ್ದಕ್ಕೆ ಮಲಯಾಳದಲ್ಲಿ ಉತ್ತರ ಹೇಳುವುದು ಅವಳ ರೂಢಿ. ಕೌಸಲ್ಯಮ್ಮ ಫೋನಿನಲ್ಲಿ ಅಳುತ್ತ ವಿಷಯ ತಿಳಿಸಿದಾಗ, “ಅದು ನಲ್ಲದಲ್ಲೇ ಅಮ್ಮಾ,” ಒಳ್ಳೆಯದೇ ಅಲ್ಲವೇ, ಎಂದು ಅವಳು ತೇಲಿಸಿಬಿಟ್ಟಳು. ಸಂಜೆ ಸುಮ್ಮನೆ ಅಪ್ಪನಿಗೆ ಫೋನ್ ಮಾಡಿದಳು. ಅಪ್ಪ ಫೋನಿನಲ್ಲಿ ಎರಡೇ ಮಾತಿನ ಮನುಷ್ಯ. ಎತ್ತಿಕೊಂಡಾಗ ‘ಹೂಂ’, ಮುಗಿದಾಗ ‘ಇಡು’. ಅಂದು ಆ ಅಪ್ಪ, “ಫೋನ್ ಮಾಡಿದ್ದಕ್ಕ ಥ್ಯಾಂಕ್ ಯೂ, ಮಗಳ. ನೀ ಬಾಳ ಚಲೋ ಹುಡುಗಿ” ಎಂದರು. ಗ್ರೀಷ್ಮಾ ಮರುದಿನ ಬೆಳಿಗ್ಗೆ ರಜೆಯನ್ನೂ ಕೇಳದೆ ವೈಟ್ಟಿಲಕ್ಕೆ ಓಡಿ ಮೊದಲ ಬಸ್ ಹತ್ತಿದಳು.

ಮಗಳು ಹೇಳದೆ ಕೇಳದೆ ಬಂದು ಬಾಗಿಲಲ್ಲಿ ನಿಂತದ್ದನ್ನು ನೋಡಿ ವೀರಭದ್ರಪ್ಪನವರ ಎದೆ ತುಂಬಿತು. ಬಂದದ್ದಕ್ಕೆ ಥ್ಯಾಂಕ್ ಯೂ ಎಂದರು. ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಿದರು. ಗ್ರೀಷ್ಮಾ ಆಟೋ ಕರೆದಳು. ಡಿಸ್ಪೆನ್ಸರಿಗೆ ಹೋಗೋಣ ಎಂದಳು, ಜೀವನದಲ್ಲಿ ಮೊದಲ ಸಲ ಎಂಬಂತೆ ಅಚ್ಚ ಕನ್ನಡದಲ್ಲಿ. ಹೆಂಡತಿಗೆ ಆರಾಮಿಲ್ಲ ಎಂದು ತಿಳಿದು ವೀರಭದ್ರಪ್ಪನವರು ಗಡಬಡಿಸಿ ಚಪ್ಪಲಿ ಮೆಟ್ಟಿದರು. ಅಲ್ಲಿ ಹೋದ ಮೇಲೆ ನೋಡಿದರೆ ಕುರ್ಚಿಯಲ್ಲಿ ಕೂರಿಸಿದ್ದು ಅವರನ್ನೇ.

ಡಾಕ್ಟರಮ್ಮ ನಾಲಿಗೆ ನೋಡಿದರು, ಎದೆಗೆ ಕೊಳವೆ ಇಟ್ಟು ಕೇಳಿದರು, ಇಸಿಜಿ ತೆಗೆಸಿದರು, ರಕ್ತದೊತ್ತಡ ಅಳೆದರು. ಪ್ರತಿಯೊಂದಕ್ಕೂ ವೀರಭದ್ರಪ್ಪನವರು ಥ್ಯಾಂಕ್ ಯೂ ಹೇಳಿದರು. ಕೊನೆಗೆ, ನಿಮ್ಮ ಈ ಯಂತ್ರ ನಾಲ್ಕು ಪಾಯಿಂಟ್ ಹೆಚ್ಚು ತೋರಿಸುತ್ತಿದೆ, ನಮ್ಮ ಲ್ಯಾಬಿಗೆ ಕಳಿಸಿದರೆ ಸರಿಮಾಡಿ ಕೊಡುತ್ತೇನೆ ಎಂದರು. ಡಾಕ್ಟರಮ್ಮ ಮಾಸ್ಕ್ ಕೆಳಗೆ ಎಳೆದುಕೊಂಡು ಕೌಸಲ್ಯಮ್ಮನ ಕಡೆ ತಿರುಗಿ, ಇವರು ಇನ್ನೂ ಮೂವತ್ತು ವರ್ಷ ನಿಮ್ಮ ತಲೆ ತಿನ್ನುತ್ತಾರೆ, ಧೈರ್ಯವಾಗಿ ಮನೆಗೆ ಹೋಗಿ ಎಂದರು.

ಗ್ರೀಷ್ಮಾ ಆಟೋ ತರಲು ಗೇಟಿನ ತನಕ ಹೋದಳು. ಡಿಸ್ಪೆನ್ಸರಿಯ ವರಾಂಡದ ಬೆಂಚಿನ ಮೇಲೆ ಗಂಡ ಹೆಂಡತಿ ಇಬ್ಬರೇ ಉಳಿದರು. ಹಾಗಾದರೆ ಇದೆಲ್ಲ ಯಾತಕ್ಕೆ ಎಂದು ಕೌಸಲ್ಯಮ್ಮ ಕೇಳಿದರು. ಇನ್ನು ಮುಚ್ಚಿಟ್ಟು ಉಪಯೋಗವಿಲ್ಲ ಎಂದು ವೀರಭದ್ರಪ್ಪನವರು ಕಿಸೆಯಿಂದ ಹಾಳೆ ತೆಗೆದು ಕೊಟ್ಟು ಎಲ್ಲವನ್ನೂ ಹೇಳಿದರು. ಕೌಸಲ್ಯಮ್ಮ ಕನ್ನಡಕ ಹಾಕಿಕೊಂಡು, ಮಕ್ಕಳ ಉತ್ತರಪತ್ರಿಕೆ ನೋಡುವಂತೆ, ಮೊದಲ ಸಾಲಿನಿಂದ ಕೊನೆಯ ಸಾಲಿನ ತನಕ ಓದಿದರು. ಅವಳು ನಗಬಹುದು ಎಂದು ವೀರಭದ್ರಪ್ಪನವರು ಕಾದರು. ಕೌಸಲ್ಯಮ್ಮ ನಗಲಿಲ್ಲ.

“ನಾ ಶಾಮಿಯಾನಾ ಕಟ್ಟಾಕಿ ಏನ್ರಿ?” ಎಂದರು. “ಇಪ್ಪತ್ತೆರಡು ವರ್ಷದಿಂದ ನಿಮ್ಮ ವಂದನಾರ್ಪಣೆ ಕೇಳೇನಿ. ಅದು ಆದ ಮ್ಯಾಲೆ ಏನ್ ಆಕ್ಕೈತಿ? ಎಲ್ಲಾರೂ ಏಳ್ತಾರ, ಕುರ್ಚಿ ಮಡಚ್ತಾರ, ಲೈಟ್ ಆರಸ್ತಾರ. ನೀವು ದಿನಾ ನನ್ನ ಮುಂದ ನಿಂತು ವಂದನಾರ್ಪಣೆ ಮಾಡಿದ್ರಿ. ನಾ ಏನ್ ತಿಳ್ಕೋಬೇಕಿತ್ತು?”

ಹದಿನೈದು ದಿನ ತಾನು ಸರಿಯಾಗಿ ನಿದ್ದೆ ಮಾಡಿಲ್ಲ, ಗಂಡನ ಉಸಿರು ಕೇಳುತ್ತ ಮಲಗಿದ್ದೆ ಎಂದರು. ಅಳು ಬಂದದ್ದಕ್ಕೆ ಅವರಿಗೇ ಸಿಟ್ಟು ಬಂತು.

ಪ್ರಪಂಚದ ಎಲ್ಲರನ್ನೂ ಸಂತೋಷಪಡಿಸಿದ ಮಾತು ಬೇಕಾದವಳನ್ನೇ ಅಳಿಸಿತ್ತು. ವೀರಭದ್ರಪ್ಪನವರು ನೆಲ ನೋಡುತ್ತ ಹೇಳಿದರು.

“ನೀ ಸಾಲಿ ಬಿಟ್ಟು ಬಂದಿ. ಇಲ್ಲಿ ಮಾತು ಬರತಿದ್ದಿಲ್ಲ ನಿನಗ, ಕೈ ಸನ್ನಿ ಮಾಡಿ ಚಾಲೈದಾಗ ಜ್ವಾಳದ ಹಿಟ್ಟಿನ ಅಂಗಡಿ ಹುಡುಕಿದಿ. ನಾ ಲ್ಯಾಬಿನ್ಯಾಗ ಇದ್ದೆ. ಒಂದಿನಾನೂ ಏನೂ ಅನಲಿಲ್ಲ. ಅದನ್ನ ಹೆಂಗ ಹೇಳಬೇಕು ಅಂತ ನನಗ ಗೊತ್ತಾಗಲಿಲ್ಲ. ಆ ಹುಡುಗಿ ಹಾಳಿ ಕೊಟ್ಟಳು. ಇದ ಇರಬೇಕು ಅನ್ಕೊಂಡೆ.”

ಕೌಸಲ್ಯಮ್ಮ ಬಹಳ ಹೊತ್ತು ಮಾತಾಡಲಿಲ್ಲ. ಈ ಸಲದ ಮೌನ ಬೇರೆ ಎಂಬುದು ವೀರಭದ್ರಪ್ಪನವರಿಗೂ ಗೊತ್ತಾಯಿತು. ಅದನ್ನು ಬರೆಯಲು ಹಾಳೆಯಲ್ಲಿ ಕಾಲಮ್ ಇರಲಿಲ್ಲ. ಆಟೋ ಬಂದಾಗ ಕೌಸಲ್ಯಮ್ಮ ಹಾಳೆಯನ್ನು ಮಡಚಿ ತಮ್ಮ ಪರ್ಸಿನಲ್ಲಿ ಇಟ್ಟುಕೊಂಡು, “ಇನ್ನ ಮ್ಯಾಲೆ ನನಗ ಅದನ್ನ ಹೇಳಬ್ಯಾಡ್ರಿ” ಎಂದು ಎದ್ದರು. ಕೂರುವಾಗ ಗಂಡನ ಕೈ ಹಿಡಿದು ಒಳಗೆ ಸರಿಸಿಕೊಂಡರು.

ಮನೆಯ ವಿಷಯ ಅಲ್ಲಿಗೆ ತಿಳಿಯಾಯಿತು. ಆದರೆ ಬಳಗಕ್ಕೆ ಹೋದ ಸುದ್ದಿಯನ್ನು ವಾಪಸು ತರುವವರು ಯಾರು? ನವೆಂಬರಿನ ಎರಡನೆಯ ಭಾನುವಾರ ರಾಜ್ಯೋತ್ಸವದ ದಿನ ಸಭಾಂಗಣದಲ್ಲಿ ಎಂದೂ ಕಾಣದಷ್ಟು ಜನ. ಅಧ್ಯಕ್ಷ ಮಾಚಯ್ಯನವರು ಸೇನೆಯಿಂದ ನಿವೃತ್ತರಾದ ಕೊಡಗಿನವರು. ವೀರಭದ್ರಪ್ಪನವರು ನಮ್ಮ ನಡುವೆ ಇರುವಾಗಲೇ ಅವರಿಗೆ ಶಾಲು ಹೊದಿಸಿಬಿಡಬೇಕು ಎಂದು ಅವರು ಸಮಿತಿಯಲ್ಲಿ ತೀರ್ಮಾನ ಮಾಡಿಸಿದ್ದರು. ಡಾಕ್ಟರರ ಮಾತನ್ನು ಕುಸುಮಾವತಿ ಹೇಳಲು ಹೋದಾಗ, ಮನೆಯವರು ಹಾಗೇ ಹೇಳುವುದು, ಪಾಪ, ಎಂದು ಅವರು ತಲೆಯಾಡಿಸಿದರು.

ಶಾಲು ಹೊದಿಸಿ ಮಾಚಯ್ಯನವರು ಮೈಕಿನ ಮುಂದೆ ನಿಂತರು. “ವೀರಭದ್ರಪ್ಪ ತುಂಬಾ ಒಳ್ಳೆಯವರಾಗಿದ್ರು” ಎಂದು ಶುರುಮಾಡಿ, ಕೆಮ್ಮಿ, “ಆಗಿದ್ದಾರೆ” ಎಂದು ತಿದ್ದಿದರು. ಅವರ ಸಮಯಪಾಲನೆ, ಅವರ ಸರಳತೆ, ಅವರು ಬಿಟ್ಟು ಹೋಗುವ ಜಾಗ ತುಂಬಲಾಗದ್ದು ಎಂದೆಲ್ಲ ಹೇಳಿ, ಕೊನೆಗೆ ಎಲ್ಲರೂ ಎದ್ದು ನಿಲ್ಲಬೇಕು ಎಂದರು. ಒಂದು ನಿಮಿಷ ಮೌನ ಎಂದು ಹೇಳುವಷ್ಟರಲ್ಲಿ ಕಾರ್ಯದರ್ಶಿ ಪ್ರೇಮ ಮಾಚಯ್ಯನವರ ತೋಳು ಜಗ್ಗಿ, ಚಪ್ಪಾಳೆ ಎಂದು ಬದಲಾಯಿಸಿದಳು. ವೀರಭದ್ರಪ್ಪನವರು ಶಾಲಿನೊಳಗೆ ಬೆವರುತ್ತ ಕೈಮುಗಿದರು.

ಆಮೇಲೆ ವಂದನಾರ್ಪಣೆ. ಕಿಸೆಯಲ್ಲಿ ಚೀಟಿ ಇತ್ತು, ತೆಗೆಯಲಿಲ್ಲ. ಅತಿಥಿಗಳಿಗೆ, ಮೈಕ್‌ನವನಿಗೆ, ಶಾಮಿಯಾನದವನಿಗೆ, ನೀರಿನವನಿಗೆ ಕ್ರಮವಾಗಿ ಹೇಳಿದರು. ಊಟದ ಸರದಿ ಬಂತು. ‘ಎಲ್ಲರಿಗೂ’ ಎನ್ನಲಿಲ್ಲ. ಬೇಳೆ ಕುದಿಸಿದ ಕುಸುಮಾವತಿಯವರಿಗೆ, ತೆಂಗಿನಕಾಯಿ ತುರಿದ ಪ್ರೇಮಳಿಗೆ, ರಜೆ ಹಾಕಿ ಬಂದು ಎಲೆ ಒರೆಸಿದ ಗ್ರೀಷ್ಮಾಳಿಗೆ ಎಂದು ಒಬ್ಬೊಬ್ಬರ ಹೆಸರು ಹಿಡಿದು ಹೇಳಿದರು. ಆಮೇಲೆ ಮಾತು ನಿಂತಿತು.

ಸಭಾಂಗಣದ ಹಿಂದಿನ ಬಾಗಿಲಲ್ಲಿ, ಕೈಯಲ್ಲಿ ಹೋಳಿಗೆಯ ತಟ್ಟೆ ಹಿಡಿದು ಕೌಸಲ್ಯಮ್ಮ ನಿಂತಿದ್ದರು. ವೀರಭದ್ರಪ್ಪನವರು ಅಲ್ಲೇ ನೋಡುತ್ತಿದ್ದರು. ಇಪ್ಪತ್ತೆರಡು ವರ್ಷದಲ್ಲಿ ವಂದನಾರ್ಪಣೆ ನಡುವೆ ನಿಂತದ್ದಿಲ್ಲ, ಕರೆಂಟು ಹೋದಾಗಲೂ ನಿಂತಿರಲಿಲ್ಲ. ಜನ ಗಾಬರಿಯಾದರು. ಮಾಚಯ್ಯನವರು ಅರ್ಧ ಎದ್ದರು. ಕುಸುಮಾವತಿ ನೀರಿನ ಬಾಟಲಿ ಹಿಡಿದು ವೇದಿಕೆಯ ಕಡೆ ಹೊರಟೇಬಿಟ್ಟರು.

“ಇನ್ನ ಒಬ್ರು ಅದಾರ,” ಎಂದರು ವೀರಭದ್ರಪ್ಪನವರು, ಸಭೆಯ ಕನ್ನಡ ಮರೆತು ಮನೆಯ ಕನ್ನಡದಲ್ಲಿ. “ಅವರಿಗೆ ನಾ ಹೇಳೂದಿಲ್ಲ. ವಂದನಾರ್ಪಣೆ ಕಾರ್ಯಕ್ರಮ ಮುಗದ ಮ್ಯಾಲೆ ಮಾಡೂದು. ನಮ್ಮದು ಇನ್ನೂ ಮುಗದಿಲ್ಲ.”

ಏನೆಂದು ಪೂರ್ತಿ ಅರ್ಥವಾಗದಿದ್ದರೂ ಸಭೆ ಚಪ್ಪಾಳೆ ತಟ್ಟಿತು. ಕೌಸಲ್ಯಮ್ಮ ಬಾಗಿಲಲ್ಲಿ ಇರಲಿಲ್ಲ. ಅಡುಗೆಮನೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಹೋಳಿಗೆಗೆ ತುಪ್ಪ ಹಚ್ಚುತ್ತಿದ್ದರು, ಆಗಲೇ ಹಚ್ಚಿದ್ದಕ್ಕೇ ಮತ್ತೊಮ್ಮೆ.

ಮರುದಿನ ಸೋಮವಾರ. ಹಿಂದಿನ ದಿನದ ದಣಿವಿಗೆ ಕೌಸಲ್ಯಮ್ಮ ಏಳುವುದು ತಡವಾಯಿತು. ಅಡುಗೆಮನೆಯಲ್ಲಿ ಏನೋ ಸದ್ದು. ಸ್ವಲ್ಪ ಹೊತ್ತಿಗೆ ವೀರಭದ್ರಪ್ಪನವರು ಸ್ಟೀಲ್ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಲ್ಯಾಬಿನ ಗಾಜಿನ ಸಾಮಾನು ತರುವ ಎಚ್ಚರದಲ್ಲಿ, ಒಂದೊಂದೇ ಹೆಜ್ಜೆ ಇಡುತ್ತ ಬಂದರು. ಚಹಾದ ಪುಡಿ, ಸಕ್ಕರೆ, ಹಾಲು ಮೂರನ್ನೂ ಅಳೆದೇ ಹಾಕಿದ್ದರು. ಕೌಸಲ್ಯಮ್ಮ ಒಂದು ಗುಟುಕು ಕುಡಿದು, ಗಂಡನ ಮುಖ ನೋಡಿ, ಮೆಲ್ಲಗೆ ಹೇಳಿದರು.

“ಥ್ಯಾಂಕ್ ಯೂ.”

ವೀರಭದ್ರಪ್ಪನವರ ಮುಖದ ಬಣ್ಣ ಇಳಿಯಿತು. ಹೆಂಡತಿಯ ಹಣೆ ಮುಟ್ಟಿ ನೋಡಿದರು, ಕೈ ಹಿಡಿದು ನಾಡಿ ನೋಡಿದರು. “ಯಾಕ? ಏನಾಗೇತಿ ನಿನಗ? ಗ್ರೀಷ್ಮಾನ್ನ ಎಬ್ಬಸಲೇನ?” ಎಂದು ಕೇಳಿದರು.

ಕೌಸಲ್ಯಮ್ಮ ಲೋಟ ಕೆಳಗಿಟ್ಟರು. ಪರ್ಸಿನಿಂದ ಆ ಹಾಳೆ ತೆಗೆದು, ಕನ್ನಡಕ ಹಾಕಿಕೊಂಡು, ಖಾಲಿ ಉಳಿದಿದ್ದ ಕೊನೆಯ ಸಾಲಿನಲ್ಲಿ ಟೀಚರಿನ ದುಂಡು ಅಕ್ಷರದಲ್ಲಿ ಬರೆದರು. ಏಳೂ ಕಾಲು, ಚಹಾ: ಬಹಳ ಗಾಬರಿಯಾದರು.